ಭಾವನ ಬಂದೂಕಿಗೆ ಆಯ ನೋಡಿದ್ದು

ಬಂದೂಕಿನಂಗಡಿಯಲ್ಲಿ ಕೆಲಸ ಮಾಡುವ ಮೈಸೂರಿನ ಹೆಂಗಸಿಗೆ ತಲೆ ಕೆಡದ ದಿನ ಅಂತ ಒಂದೂ ಇರುವುದಿಲ್ಲ. ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಬಾಗಿಲು ತಳ್ಳಿಕೊಂಡು ಬರುತ್ತದೆ.

ನಮ್ಮ ಅಂಗಡಿ ಇರುವುದು ಡೆಟ್ರಾಯ್ಟ್‌ನ ಪಶ್ಚಿಮಕ್ಕೆ, ಒಂದು ಟೈರ್ ಅಂಗಡಿಗೂ ಡೋನಟ್ ಅಂಗಡಿಗೂ ಮಧ್ಯೆ. ನಾನು ಬಂದೂಕು ಮಾರುವವಳಲ್ಲ, ರಿಪೇರಿ ಮಾಡುವವಳೂ ಅಲ್ಲ. ಅದೆಲ್ಲ ಮಾಲೀಕನ ಕೆಲಸ. ಮೈಸೂರಿನಲ್ಲಿ ಓದಿದ ಲಾ ಈ ದೇಶದ ಕೋರ್ಟಿಗೆ ಸಾಲಲಿಲ್ಲ, ಈ ಅಂಗಡಿಗೆ ಸಾಕಾಯಿತು. ಯಾರು ಯಾವ ಬಂದೂಕು ಇಟ್ಟುಕೊಳ್ಳಬಹುದು, ಅದಕ್ಕೆ ಯಾರ ಅನುಮತಿ ಬೇಕು, ಇದನ್ನು ನೋಡುವುದು ನನ್ನ ಕೆಲಸ.

ಅದರಲ್ಲಿ ದೊಡ್ಡ ತಲೆನೋವು ಗಿಡ್ಡ ನಳಿಗೆಯ ಶಾಟ್‌ಗನ್. ನಿಯಮ ಬಹಳ ಸುಲಭ. ನಳಿಗೆ ಹದಿನೆಂಟು ಇಂಚಿಗಿಂತ ಕಮ್ಮಿ ಇರಬಾರದು, ಇಡೀ ಬಂದೂಕು ಇಪ್ಪತ್ತಾರು ಇಂಚಿಗಿಂತ ಕಮ್ಮಿ ಇರಬಾರದು. ಅದಕ್ಕಿಂತ ಗಿಡ್ಡ ಬೇಕಿದ್ದರೆ ಮೊದಲು ಕೇಂದ್ರ ಸರ್ಕಾರದ ಅನುಮತಿ, ಆಮೇಲೆ ಗರಗಸ. ಗರಗಸ ಮೊದಲು ಬಂದರೆ ಜೈಲು.

ಇಷ್ಟನ್ನು ನಮ್ಮ ಜನಕ್ಕೆ, ಅದರಲ್ಲೂ ನನ್ನ ಅಕ್ಕನ ಗಂಡನಿಗೆ ಅರ್ಥ ಮಾಡಿಸುವಷ್ಟರಲ್ಲಿ ನನಗೆ ಬಿಪಿ ಮಾತ್ರೆ ಶುರುವಾಯಿತು. ಭಾವನದು ಗ್ರೀನ್ ಕಾರ್ಡು. ಸಿಟಿಜನ್‌ಶಿಪ್‌ಗೆ ಅಪ್ಲೈ ಮಾಡಿ ಇಂಟರ್ವ್ಯೂಗೆ ಕಾಯುತ್ತಿದ್ದರು. ಈ ಹೊತ್ತಿನಲ್ಲಿ ಬಂದೂಕಿನ ಕೇಸೊಂದು ಬಿದ್ದರೆ ಸಿಟಿಜನ್‌ಶಿಪ್ ಹಾಗಿರಲಿ, ಇದ್ದ ಕಾರ್ಡೂ ಹೋಗಿ ಅಕ್ಕನ ಸಂಸಾರ ಗಂಟುಮೂಟೆ ಕಟ್ಟಬೇಕಾಗುತ್ತದೆ. ಇದು ಗೊತ್ತಿದ್ದೂ ಆ ಮನುಷ್ಯ ಮಾಡಿದ್ದನ್ನು ಮುಂದೆ ಹೇಳುತ್ತೇನೆ. ನಗುವವರು ನಗಿ. ನನಗಂತೂ ಸಿಟ್ಟು ಇನ್ನೂ ಇಳಿದಿಲ್ಲ.

ಕ್ಲಾಸೆಟ್‌ಗೆ ಹಿಡಿಸುವಂಥದ್ದು

ಕನ್ನಡ ಕೂಟದ ಯುಗಾದಿ ಊಟ. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದೆ. ಹಿಂದೆ ನಿಂತಿದ್ದ ಸಾಫ್ಟ್‌ವೇರ್ ಇಂಜಿನಿಯರೊಬ್ಬ, 'ಆಂಟಿ, ಒಂದು ಸಣ್ಣ ಡೌಟು' ಅಂದ. ಸಣ್ಣ ಡೌಟು ಅಂತ ಶುರುವಾದದ್ದು ಯಾವುದೂ ನನ್ನ ಅನುಭವದಲ್ಲಿ ಸಣ್ಣದಾಗಿ ಮುಗಿದಿಲ್ಲ.

'ನನಗೊಂದು ಶಾಟ್‌ಗನ್ ಬೇಕು ಆಂಟಿ, ಸ್ವಲ್ಪ ಗಿಡ್ಡದು. ಅಪಾರ್ಟ್‌ಮೆಂಟಿನ ಕ್ಲಾಸೆಟ್ ಚಿಕ್ಕದು, ಉದ್ದದ್ದು ಹಿಡಿಸಲ್ಲ.'

ಕೋಟು ನೇತುಹಾಕುವ ಜಾಗದ ಅಳತೆಗೆ ಬಂದೂಕು ಕೇಳಿದ ಮೊದಲ ಗಿರಾಕಿ ಅವನೇ. 'ಯಾವ ವೀಸಾದಲ್ಲಿ ಇದೀಯಪ್ಪಾ?' ಅಂದೆ. ವರ್ಕ್ ವೀಸಾ ಅಂದ.

'ಹಾಗಾದ್ರೆ ಗಿಡ್ಡದ್ದು ಇರ್ಲಿ, ಉದ್ದದ್ದೂ ಇಟ್ಕೊಳ್ಳೋ ಹಾಗಿಲ್ಲ. ಬೇಟೆ ಲೈಸನ್ಸ್ ಇದ್ದೋರಿಗೆ ಮಾತ್ರ ಒಂದು ವಿನಾಯ್ತಿ ಇದೆ, ಆದ್ರೆ ನಿನ್ನಂಥೋನಿಗೆ...' ಅನ್ನುವಷ್ಟರಲ್ಲಿ ಅವನು ಪಲ್ಯದ ಕಡೆಗೆ ಹೊರಟುಹೋಗಿದ್ದ. ಮಾತಿನ ದ್ವಿತೀಯಾರ್ಧ ಕೇಳುವ ಪದ್ಧತಿ ನಮ್ಮವರಲ್ಲಿಲ್ಲ.

ಕೆಲವು ವಾರ ಕಳೆದ ಮೇಲೆ ಫೋನು. 'ಆಂಟಿ, ಬೇಟೆ ಕ್ಲಾಸಿಗೆ ಹೋಗಿದ್ದೆ! ಜಿಂಕೆ ಚರ್ಮ ಸುಲಿಯೋದು ಸ್ಲೈಡ್ ಹಾಕಿ ತೋರಿಸಿದ್ರು. ನಾನು ಕಣ್ಣು ಮುಚ್ಕೊಂಡು ಕೂತಿದ್ದೆ. ಪಾಸಾಯ್ತು!'

ಈರುಳ್ಳಿ ಕಂಡರೆ ತಟ್ಟೆ ಸರಿಸುವ ಹುಡುಗ ಅವನು. 'ಏನು ಬೇಟೆ ಆಡ್ತೀಯಪ್ಪಾ ನೀನು?' ಅಂದೆ. 'ಬೇಟೆ ಎಲ್ಲ ಇಲ್ಲ ಆಂಟಿ, ಲೈಸನ್ಸ್ ಮಾತ್ರ' ಅಂದ. ಎರಡು ಬೈದು ಫೋನಿಟ್ಟೆ.

ಬೈಸಿಕೊಂಡವನು ಅಷ್ಟಕ್ಕೆ ಸುಮ್ಮನಿರದೆ ಊರಿಗೆ ಫೋನ್ ಮಾಡಿ ನನ್ನ ಹೆಸರು ಹೇಳಿದ್ದಾನೆ. ಮಾರನೇ ಬೆಳಿಗ್ಗೆ ನನಗೆ ಹಾಸನದಿಂದ ಅವರಮ್ಮನ ಕರೆ. 'ಏನಮ್ಮ, ನನ್ನ ಮಗ ಬೆಳ್ಳುಳ್ಳಿ ಹಾಕಿದ ಸಾರು ಮುಟ್ಟಲ್ಲ. ಅವನಿಗೆ ಜಿಂಕೆ ಕೊಲ್ಲೋ ಲೈಸನ್ಸ್ ಕೊಡ್ಸಿದೋಳು ನೀನೇನಾ?'

ಜೆಂಟ್ಸ್ ಯಾರೂ ಇಲ್ವಾ?

ಒಂದು ಶನಿವಾರ ಕನ್ನಡದವರೊಬ್ಬರು ಅಂಗಡಿಗೆ ಬಂದರು. ಯಾವುದೋ ಕಂಪನಿಯಲ್ಲಿ ಡೈರೆಕ್ಟರ್ ಅಂತೆ. ಬಂದವರೇ ತಮ್ಮ ಬಂದೂಕನ್ನು ಕೌಂಟರಿನ ಮೇಲಿಟ್ಟರು. ನಳಿಗೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದುಕೊಂಡು ಬಂದಿದ್ದರು, ದರ್ಜಿ ಬಟ್ಟೆಗೆ ಎಳೆಯುವ ಹಾಗೆ. ನನ್ನ ಮುಖ ನೋಡಿದರು, ಹಿಂದೆ ನೋಡಿದರು, ಪಕ್ಕಕ್ಕೆ ನೋಡಿದರು.

'ಜೆಂಟ್ಸ್ ಯಾರೂ ಇಲ್ವಾ ಮೇಡಂ?'

'ಏನಾಗಬೇಕಿತ್ತು ಹೇಳಿ.'

'ಏನಿಲ್ಲ, ಈ ಗೆರೆಗೆ ಕಟ್ ಮಾಡ್ಬೇಕು. ಹದಿನೆಂಟು ಇಂಚು ಬಿಟ್ಟೇ ಗೆರೆ ಹಾಕಿದೀನಿ. ರೂಲ್ ನನಗೆ ಗೊತ್ತು.'

ಅವರು ಅಳೆದದ್ದು ಟ್ರಿಗರಿನಿಂದ. ಕಾನೂನು ಅಳೆಯುವುದು ನಳಿಗೆಯ ಒಳಗೆ, ಗುಂಡು ಕೂರುವ ತುದಿಯಿಂದ ಬಾಯಿಯವರೆಗೆ. ಆ ಗೆರೆಗೆ ಕತ್ತರಿಸಿದ್ದರೆ ಹದಿಮೂರೋ ಹದಿನಾಲ್ಕೋ ಉಳಿಯುತ್ತಿತ್ತು. ಡೈರೆಕ್ಟರ್ ಸಾಹೇಬರಿಗೆ ಜೈಲಿನಲ್ಲಿ ವರ್ಕ್ ಫ್ರಮ್ ಹೋಮು. ಇದನ್ನೇ ಸಮಾಧಾನವಾಗಿ ಹೇಳಿದೆ. ಅವರು ಮುಗುಳ್ನಕ್ಕು, 'ನಿಮಗೆ ಕನ್ಫ್ಯೂಷನ್ ಆಗಿರ್ಬೇಕು. ಯಾರಾದ್ರೂ ಟೆಕ್ನಿಕಲ್ ಪರ್ಸನ್ ಕರೀತೀರಾ?' ಅಂದರು.

ಮೈಯೆಲ್ಲ ಉರಿಯಿತು. ಒಳಗೆ ಹೋಗಿ ಮಾಲೀಕನನ್ನು ಕರೆದೆ. ಬಿಳಿ ಗಡ್ಡದ ಆ ಮನುಷ್ಯ ಎಣ್ಣೆ ಕೈ ಒರೆಸಿಕೊಂಡು ಬಂದು ನಾನು ಹೇಳಿದ ಮಾತನ್ನೇ ಇಂಗ್ಲಿಷಿನಲ್ಲಿ ಹೇಳಿದ. ಡೈರೆಕ್ಟರ್ ನೆಟ್ಟಗೆ ನಿಂತು ಕೈಕುಲುಕಿದರು. 'ಥ್ಯಾಂಕ್ಯೂ ಸರ್, ವೆರಿ ಕ್ಲಿಯರ್. ಎಕ್ಸ್‌ಪರ್ಟ್ ಹೇಳಿದ್ರೆ ಆ ವೆಯ್ಟೇ ಬೇರೆ.'

ಮಾಲೀಕ ತಲೆಯಾಡಿಸಿದ. ಆಮೇಲೆ ನನ್ನ ಕಡೆ ತಿರುಗಿ ಕೇಳಿದ, 'ನಾನು ಹೇಳಿದ್ದು ಸರಿಯಾಗಿತ್ತಾ ಮೇಡಂ?'

ಧೂಮಾಯ

ಇನ್ನು ಭಾವನ ವಿಷಯ. ಆಫೀಸಿನವರ ಜೊತೆ ಹಾರುವ ಮಣ್ಣಿನ ಬಿಲ್ಲೆಗೆ ಗುರಿಯಿಟ್ಟು ಹೊಡೆಯುವ ಆಟಕ್ಕೆಂದು ಒಂದು ಶಾಟ್‌ಗನ್ ಕೊಂಡರು. ಆ ಆಟಕ್ಕೆ ಉದ್ದ ನಳಿಗೆಯದು ಬೇಕು. ಇವರು ಆಫರಿನಲ್ಲಿದೆ ಅಂತ ಹದಿನೆಂಟು ಇಂಚಿನದು ತಂದರು, ನನ್ನನ್ನು ಒಂದು ಮಾತು ಕೇಳದೆ. ಬಿಲ್ಲೆಗಳೆಲ್ಲ ಕ್ಷೇಮವಾಗಿ ನೆಲ ಸೇರುತ್ತಿದ್ದವು.

ಅಷ್ಟರಲ್ಲಿ ಸಿಟಿಜನ್‌ಶಿಪ್ ತಡವಾಯಿತು. ಆಫೀಸಿನಲ್ಲಿ ಲೇಆಫ್ ಗಾಳಿ ಎದ್ದಿತು. ಭಾವನಿಗೆ ಕಷ್ಟ ಬಂದಾಗ ನೆನಪಾಗುವುದು ಮೈಸೂರಿನಲ್ಲಿರುವ ವಾಸ್ತು ಗುರುಗಳು. ವಿಡಿಯೋ ಕಾಲಿನಲ್ಲಿ ಫೋನ್ ಹಿಡಿದುಕೊಂಡು ಮನೆಯೆಲ್ಲ ತೋರಿಸಿದರಂತೆ. ಸ್ಟವ್ ಸರಿ, ಮಂಚ ಸರಿ. ನೈರುತ್ಯ ಮೂಲೆಯ ಬಂದೂಕಿನ ಪೆಟ್ಟಿಗೆ ಕಂಡದ್ದೇ, 'ಬಂದೂಕಿನ ನಳಿಗೆ ಅಳತೆ ಎಷ್ಟು?' ಅಂದರಂತೆ ಗುರುಗಳು.

ಮನೆ ಕಟ್ಟುವಾಗ ಆಯ ನೋಡುತ್ತಾರಲ್ಲ, ಅಳತೆಯನ್ನು ಎಂಟರಿಂದ ಭಾಗಿಸಿ ಉಳಿದದ್ದಕ್ಕೆ ಒಂದೊಂದು ಫಲ ಹೇಳುವುದು, ಅದನ್ನು ಬಂದೂಕಿಗೆ ನೋಡಿದರು! ಹದಿನೆಂಟಕ್ಕೆ ಎರಡು ಉಳಿಯಿತು. ಧೂಮಾಯ. ಹೊಗೆ. ಕೆಲಸ ಕೆಡುತ್ತದೆ, ಕಾಗದಪತ್ರ ತಡವಾಗುತ್ತದೆ. ಹದಿನೇಳು ಮಾಡಿದರೆ ಒಂದು ಉಳಿದು ಧ್ವಜಾಯ, ಎಲ್ಲ ಕಡೆ ಜಯ.

ಭಾವ ಅಂಗಡಿಗೆ ಬಂದರು. 'ಒಂದೇ ಒಂದಿಂಚು ಕಟ್ ಮಾಡಿಸ್ಕೊಡಮ್ಮ. ಸಿಟಿಜನ್‌ಶಿಪ್ ಬೇಗ ಬರುತ್ತೆ.'

'ಭಾವ, ಅದೊಂದಿಂಚು ಹೋದ್ರೆ ಸಿಟಿಜನ್‌ಶಿಪ್ ಬರೋದಿಲ್ಲ, ಪೊಲೀಸ್ ಬರ್ತಾರೆ. ಪರ್ಮಿಶನ್ ಇಲ್ದೆ ಹದಿನೇಳು ಮಾಡಿದ್ರೆ ಫೆಡರಲ್ ಕ್ರೈಮು.'

'ನನ್ನ ಬಂದೂಕು, ನನ್ನ ಬ್ಯಾರೆಲ್ಲು. ಸರ್ಕಾರಕ್ಕೇನು ಕಷ್ಟ? ನಾನೇನು ಬ್ಯಾಂಕ್ ದೋಚೋಕೆ ಹೊರಟಿದೀನಾ? ಧೂಮಾಯ ಕಳ್ಕೊಳ್ಳೋಕೆ ತಾನೇ?'

'ಬಂದೂಕಿಗೆ ಹೊಗೆ ಬರ್ದೆ ಇನ್ನೇನು ಭಾವ, ಹಾಲು ಬರ್ಬೇಕಾ?' ಅಂತ ಕೂಗಿಬಿಟ್ಟೆ. ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ತಿರುಗಿ ನೋಡಿದರು.

ಸೊನ್ನೆ

ಸರ್ಕಾರವೂ ನನ್ನ ವೈರಿಯೇ. ಗಿಡ್ಡ ನಳಿಗೆಯ ಅನುಮತಿಗೆ ಮೊದಲೊಂದು ತೆರಿಗೆ ಕಟ್ಟಬೇಕಿತ್ತು. ಈ ವರ್ಷದ ಶುರುವಿನಿಂದ ಅದನ್ನು ಸೊನ್ನೆ ಮಾಡಿದರು. ತೆರಿಗೆ ಹೋಯಿತು, ನಿಯಮ ಹೋಗಲಿಲ್ಲ. ಅರ್ಜಿ ಹಾಕಲೇಬೇಕು, ಬೆರಳಚ್ಚು ಕೊಡಲೇಬೇಕು, ಒಪ್ಪಿಗೆ ಬರುವ ತನಕ ಗರಗಸ ಮುಟ್ಟಬಾರದು. ಇದನ್ನು ಯಾರಿಗೆ ಹೇಳೋಣ? ಭಾವನೇ ಮೊದಲು ಫೋನ್ ಮಾಡಿದ್ದು.

'ನೋಡಿದ್ಯಾ? ಟ್ಯಾಕ್ಸ್ ತೆಗ್ದಿದಾರೆ. ಇನ್ನು ಯಾರನ್ನೂ ಕೇಳ್ಬೇಕಾಗಿಲ್ಲ.'

'ದೇವಸ್ಥಾನಕ್ಕೆ ಟಿಕೆಟ್ ಇಲ್ಲ ಅಂತ ಚಪ್ಪಲಿ ಹಾಕ್ಕೊಂಡು ಗರ್ಭಗುಡಿಗೆ ಹೋಗ್ತೀರಾ ಭಾವ?'

ಮಾತು ತಾಗಿತೇನೋ, ಅರ್ಜಿಗೆ ಒಪ್ಪಿದರು. ಅವತ್ತು ಸಂಜೆ ಅದನ್ನು ಮನೆಗೆ ತಂದು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದೆ. ಮಗಳು ಸ್ಕೂಲಿಂದ ಬಂದಳು. ತರಗತಿಯ ದೀಪ ಆರಿಸಿ, ಬಾಗಿಲು ಹಾಕಿ, ಮೂಲೆಯಲ್ಲಿ ಉಸಿರು ಬಿಗಿಹಿಡಿದು ಕೂರುವ ಅಭ್ಯಾಸ ಮಾಡಿಸಿದರಂತೆ, ಬಂದೂಕು ಹಿಡಿದವನು ಬಂದರೆ ಅಂತ. 'ಇಟ್ಸ್ ಜಸ್ಟ್ ಎ ಡ್ರಿಲ್, ಅಮ್ಮ' ಅಂತ ಹೇಳಿ ಚಕ್ಕುಲಿ ಡಬ್ಬ ತೆಗೆದಳು.

ಹದಿನೇಳು ಇಂಚಿನದು ಅಪಾಯ, ಹದಿನೆಂಟು ಇಂಚಿನದು ಆಟದ ಸಾಮಾನು ಅಂತ ನಿರ್ಧರಿಸಿದ ದೇಶ ಇದು. ಮಕ್ಕಳು ಮೇಜಿನಡಿ ಅವಿತುಕೊಳ್ಳುವುದನ್ನು ಕಲಿಯುತ್ತಾರೆ, ನಾವು ದೊಡ್ಡವರು ಟೇಪು ಹಿಡಿದು ಇಂಚು ಅಳೆಯುತ್ತೇವೆ. ಅದಕ್ಕೆ ನನಗೆ ಸಂಬಳ ಬೇರೆ.

ಅದೇ ಹೊತ್ತಿಗೆ ಭಾವನ ಫೋನು. ಯಾರ ಮೇಲೆ ಸಿಟ್ಟು ತೀರಿಸಲಿ ಅಂತ ಹುಡುಕುತ್ತಿದ್ದವಳಿಗೆ ದೇವರೇ ಕಳಿಸಿದಂತಾಯಿತು. 'ಆ ಅರ್ಜಿಲಿ ಯಾಕೆ ಗಿಡ್ಡ ಮಾಡ್ತೀರಿ ಅಂತ ಕಾರಣ ಕೇಳ್ತಾರಾ? ಧ್ವಜಾಯ ಅನ್ನೋದಕ್ಕೆ ಇಂಗ್ಲಿಷಲ್ಲಿ ಏನಂತಾರೆ?'

ಗಡಿ

ಒಪ್ಪಿಗೆ ಬಂತು. ಮಾಲೀಕ ಕಾನೂನು ಪ್ರಕಾರ ನಳಿಗೆಯನ್ನು ಹದಿನೇಳಕ್ಕೆ ಇಳಿಸಿಕೊಟ್ಟ. ಆಮೇಲೆ ಸ್ವಲ್ಪ ದಿನಕ್ಕೇ ಭಾವನಿಗೆ ಪ್ರಮೋಷನ್ ಸಿಕ್ಕಿತು. 'ಧ್ವಜಾಯದ ಪವರ್ ನೋಡು!' ಅಂತ ಮೈಸೂರ್‌ಪಾಕ್ ಹಂಚಿದರು.

ಪ್ರಮೋಷನ್ ಯಾವ ಊರಿಗೆ ಅಂತ ನಾನು ಕೇಳಿದೆ. ಇಲಿನಾಯ್ ರಾಜ್ಯದ ಶಿಕಾಗೋಗೆ. ಅದರ ಹೊರವಲಯದ ಪ್ಲೇನ್‌ಫೀಲ್ಡ್‌ನಲ್ಲಿ ಮನೆಯೂ ನೋಡಿ ಆಗಿತ್ತು. ಬಾಯಲ್ಲಿದ್ದ ಮೈಸೂರ್‌ಪಾಕ್ ಕಹಿಯಾಯಿತು.

'ಭಾವ, ಆ ಬಂದೂಕು ಇಲಿನಾಯ್‌ಗೆ ಹೋಗೋ ಹಾಗಿಲ್ಲ. ಇಲ್ಲಿ ಮಿಷಿಗನ್‌ನಲ್ಲಿ ಪರ್ಮಿಶನ್ ಇದ್ರೆ ಸರಿ. ಅಲ್ಲಿ ಮಾಮೂಲಿ ಜನ ಗಿಡ್ಡ ಶಾಟ್‌ಗನ್ ಇಟ್ಕೊಳ್ಳೋ ಹಾಗೇ ಇಲ್ಲ. ಕೇಂದ್ರದ ಪರ್ಮಿಶನ್ ಇದ್ರೂ ಇಲ್ಲ.'

'ಅದು ಹೇಗೆ? ಒಂದೇ ದೇಶ ತಾನೇ?'

'ಅದನ್ನ ನನ್ನ ಕೇಳ್ಬೇಡಿ, ದೇಶಾನ ಕೇಳಿ.'

ಅಲ್ಲಿಂದ ಶುರುವಾದವು ಇವರ ಐಡಿಯಾಗಳು. ಕುಕ್ಕರು, ಮಿಕ್ಸಿ ಇರುವ ಡಬ್ಬದ ಅಡಿಯಲ್ಲಿಟ್ಟು ಮನೆ ಸಾಮಾನು ಸಾಗಿಸುವ ಮೂವರ್ಸ್ ಟ್ರಕ್ಕಿನಲ್ಲಿ ಕಳಿಸೋಣವೇ? ಅಂದರೆ ಪಾಪ, ಆ ಟ್ರಕ್ ಡ್ರೈವರನೂ ಜೈಲಿಗೆ. ನಿನ್ನ ಮನೆಯಲ್ಲಿಟ್ಟುಕೋ? ಸರ್ಕಾರ ಅದನ್ನು ಹಸ್ತಾಂತರ ಅನ್ನುತ್ತದೆ, ಅನುಮತಿ ಇಲ್ಲದೆ ಇಟ್ಟುಕೊಂಡರೆ ನಾನೂ ಜೈಲಿಗೆ. ಕೊನೆಗೆ ಬಂದದ್ದು ಎಲ್ಲಕ್ಕಿಂತ ದೊಡ್ಡ ಐಡಿಯಾ. 'ಫ್ಯಾಮಿಲಿ ಜೊತೆ ಹೋಗ್ತಿದ್ರೆ ಯಾರೂ ಕಾರ್ ನಿಲ್ಸಲ್ಲ. ನಿಮ್ಮಕ್ಕ ಮುಂದೆ ಕೂತಿರ್ತಾಳೆ, ಕುಂಕುಮ ಇಟ್ಕೊಂಡು.'

ಅಕ್ಕ ಅಡುಗೆಮನೆಯಿಂದ ಕೇಳಿಸಿಕೊಂಡಳು. ಸೌಟು ಹಿಡಿದುಕೊಂಡೇ ಹೊರಗೆ ಬಂದಳು. 'ಇಷ್ಟು ವರ್ಷ ಕಾದಿದೀನಿ ರೀ. ಮಕ್ಕಳ ಸ್ಕೂಲು, ಮನೆ, ಎಲ್ಲ ಈ ದೇಶದಲ್ಲೇ ಇದೆ. ಒಂದು ಕಬ್ಬಿಣದ ಕೊಳವೆಗೋಸ್ಕರ ಎಲ್ಲಾನೂ ಕಳೀತೀರಾ?' ಅಂದಳು. ಅಕ್ಕ ಅಳುವವಳಲ್ಲ. ಅವತ್ತು ಅತ್ತಳು.

ನಾನು ಭಾವನ ಮೇಲೆ ಎಗರಿಬಿದ್ದೆ. 'ಇದು ಕ್ರೈಮು ಭಾವ, ಕ್ರೈಮು! ನೀವು ಕ್ರಿಮಿನಲ್!' ಇರುವ ದಾರಿ ಒಂದೇ ಅಂತಲೂ ಹೇಳಿದೆ. ಗಡಿ ದಾಟುವ ಮೊದಲೇ ಗಿಡ್ಡ ನಳಿಗೆ ತೆಗೆದು ನಾಶ ಮಾಡಿಸಿ, ಇಪ್ಪತ್ತೆಂಟು ಇಂಚಿನ ಮಾಮೂಲಿ ನಳಿಗೆ ಹಾಕಿಸಬೇಕು. ಆಗ ಅದು ಎಲ್ಲರ ಮನೆಯ ಬಂದೂಕಿನ ಹಾಗೆ. ಬಂದೂಕು ಇಟ್ಟುಕೊಳ್ಳಲು ಇಲಿನಾಯ್ ಕೊಡುವ ಕಾರ್ಡೊಂದು ಮಾಡಿಸಿಕೊಂಡರೆ ಮುಗಿಯಿತು.

ಭಾವ ಬೆರಳು ಮಡಿಸಿ ಎಣಿಸಲು ಶುರುಮಾಡಿದರು.

'ಇಪ್ಪತ್ತೆಂಟಕ್ಕೆ ಯಾವ ಆಯ ಬರುತ್ತೆ?' ಅಂದರು.

ಶ್ವಾನಾಯ

ಇಪ್ಪತ್ತೆಂಟನ್ನು ಎಂಟರಿಂದ ಭಾಗಿಸಿದರೆ ನಾಲ್ಕು ಉಳಿಯುತ್ತದೆ. ಶ್ವಾನಾಯ. ನಾಯಿ. ಕೆಟ್ಟದ್ದಂತೆ. ಭಾವ ಖಡಾಖಂಡಿತವಾಗಿ ಆಗುವುದಿಲ್ಲ ಅಂದರು. ಮೂವರ್ಸ್ ಟ್ರಕ್ಕು ಬರುವ ವಾರ ಅದು.

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಅಕ್ಕನಿಂದ ನಂಬರ್ ತೆಗೆದುಕೊಂಡು ಆ ಗುರುಗಳಿಗೆ ನಾನೇ ಫೋನ್ ಮಾಡಿದೆ. ಮಾತಾಡಲಿಲ್ಲ, ಕೂಗಾಡಿದೆ. ನೀವು ಕೂತಲ್ಲೇ ಕೂತು ಒಂದಿಂಚು ಕಮ್ಮಿ ಮಾಡಿ ಅಂದಿರಿ, ಇಲ್ಲಿ ನಮ್ಮಕ್ಕನ ಸಂಸಾರ ಬೀದಿಗೆ ಬೀಳುತ್ತಿದೆ. ಇದು ಬಾಗಿಲಲ್ಲ, ಕಂಬವಲ್ಲ, ಬಂದೂಕು. ಇದಕ್ಕೆ ಆಯ ನೋಡಲು ಯಾವ ಶಾಸ್ತ್ರದಲ್ಲಿ ಹೇಳಿದೆ ಅಂತೆಲ್ಲ ಜಾಡಿಸಿದೆ. ಜಗಳಕ್ಕೆ ಇನ್ನೂ ಎಷ್ಟೋ ಮಾತು ಜೋಡಿಸಿಟ್ಟುಕೊಂಡಿದ್ದೆ.

ಗುರುಗಳು ಎಲ್ಲವನ್ನೂ ಕೇಳಿದರು. 'ಈಗ ನಿಮಗೆ ಎಷ್ಟು ಇಂಚು ಬೇಕು ತಾಯಿ?' ಅಂದರು.

'ಇಪ್ಪತ್ತೆಂಟು.'

'ಇಪ್ಪತ್ತೆಂಟು ಶ್ವಾನಾಯ. ಮನೆಗೆ ಆಗಲ್ಲ. ಆದ್ರೆ ಬಂದೂಕು ಇರೋದು ಯಾತಕ್ಕೆ? ಮನೆ ಕಾಯೋಕೆ. ಕಾಯೋಕೆ ನಾಯಿಗಿಂತ ಬೇಕಾ? ಬಂದೂಕಿಗೆ ಶ್ವಾನಾಯನೇ ಶ್ರೇಷ್ಠ. ಅವರಿಗೆ ಕೊಡಿ ಫೋನು, ನಾನೇ ಹೇಳ್ತೀನಿ.'

ಒಂದು ಮಾತಿಗೆ ಭಾವ ಒಪ್ಪಿದರು. ನಾನು ತಿಂಗಳುಗಟ್ಟಲೆ ಗಂಟಲು ಹರಿದುಕೊಂಡರೂ ಒಪ್ಪದವರು! ಮರುದಿನವೇ ಅಂಗಡಿಗೆ ಬಂದು ನಳಿಗೆ ಬದಲಾಯಿಸಿಕೊಂಡರು. ಹಳೆಯದನ್ನು ಮಾಲೀಕ ಅವರ ಕಣ್ಣೆದುರೇ ತುಂಡು ಮಾಡಿ ಗುಜರಿಗೆ ಹಾಕಿದ. ನನಗೆ ಸಮಾಧಾನವಾಗಬೇಕಿತ್ತು, ಬದಲಿಗೆ ಇನ್ನಷ್ಟು ಸಿಟ್ಟು ಬಂತು. ಕೇಂದ್ರ ಸರ್ಕಾರ ಕಾಲಿಂಚು ಬಿಡಲಿಲ್ಲ, ಇಲಿನಾಯ್ ಕೂದಲೆಳೆ ಬಿಡಲಿಲ್ಲ. ಗುರುಗಳು ನಿಂತ ನಿಲುವಿನಲ್ಲಿ ಹನ್ನೊಂದು ಇಂಚು ಅಡ್ಜಸ್ಟ್ ಮಾಡಿಕೊಂಡರು.

ಪ್ರಮಾಣ

ಅಕ್ಕನ ಸಂಸಾರ ಪ್ಲೇನ್‌ಫೀಲ್ಡ್ ಸೇರಿತು. ಉದ್ದ ನಳಿಗೆ ಬಂದ ಮೇಲೆ ಭಾವನ ಗುಂಡು ಬಿಲ್ಲೆಗೆ ತಾಗತೊಡಗಿತು. ಶ್ವಾನಾಯದ ಮಹಿಮೆ ಅಂದರು. ಕೊನೆಗೆ ಸಿಟಿಜನ್‌ಶಿಪ್ ಇಂಟರ್ವ್ಯೂ ಬಂತು.

ಅವತ್ತು ಅಂಗಡಿಯಲ್ಲಿ ನಾನು ಫೋನ್ ನೋಡುತ್ತಲೇ ಇದ್ದೆ. ಮಧ್ಯಾಹ್ನ ಶಿಕಾಗೋ ಹತ್ತಿರದ ಲೆಮಾಂಟ್ ದೇವಸ್ಥಾನದ ಪಾರ್ಕಿಂಗ್‌ನಿಂದ ಅಕ್ಕ ಫೋನ್ ಮಾಡಿದಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ.

'ಪಾಸಾಯ್ತು ಕಣೇ. ಆದ್ರೆ ಒಳಗೆ ಏನ್ ಮಾಡಿದಾರೆ ಕೇಳು ನಿಮ್ಮ ಭಾವ.'

ಅಧಿಕಾರಿ ಒಬ್ಬ ಹೆಂಗಸಂತೆ. ಕೈಯೆತ್ತಿ ಸತ್ಯವನ್ನೇ ಹೇಳುತ್ತೇನೆ ಅಂತ ಪ್ರಮಾಣ ಮಾಡಿಸಿ ಒಂದೊಂದೇ ಪ್ರಶ್ನೆ ಕೇಳುತ್ತ ಹೋದಳಂತೆ. ಇಂಥ ಸಂಘದಲ್ಲಿದ್ದೀರಾ? ನೋ. ತೆರಿಗೆ ತಪ್ಪಿಸಿದ್ದೀರಾ? ನೋ. 'ಅರೆಸ್ಟ್ ಆಗದೆ ಉಳಿದ ಯಾವುದಾದರೂ ಅಪರಾಧ ಮಾಡಿದ್ದೀರಾ?'

'ಯೆಸ್' ಅಂದರಂತೆ ಭಾವ.

ಅವಳು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟಳಂತೆ. 'ಏನು ಅಪರಾಧ?'

'ಬಂದೂಕಿನದು ಮೇಡಂ.'

ಭಾವ ಅಲ್ಲಿ ಕೂತು ಹದಿನೆಂಟು, ಹದಿನೇಳು, ಧೂಮಾಯ, ಕುಕ್ಕರ್ ಡಬ್ಬ, ಅಕ್ಕನ ಕುಂಕುಮ, ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದರಂತೆ. ಆಕೆ ತಾಳ್ಮೆಯಿಂದ ಕೇಳಿ, ಕತ್ತರಿಸುವ ಮೊದಲು ಅನುಮತಿ ಇತ್ತಾ ಅಂದಳಂತೆ. ಇತ್ತು. ಗಿಡ್ಡ ನಳಿಗೆಯನ್ನು ಈ ರಾಜ್ಯಕ್ಕೆ ತಂದಿರಾ? ಇಲ್ಲ, ಅಲ್ಲೇ ತುಂಡು ಮಾಡಿಸಿದೆ. ಡಬ್ಬದಲ್ಲಿ ಇಟ್ಟಿರಾ? ಇಲ್ಲ, ಬೈಸಿಕೊಂಡೆ.

'ಹಾಗಾದರೆ ಅಪರಾಧ ಎಲ್ಲಿ ಆಯಿತು?'

'ನನಗೂ ಗೊತ್ತಿಲ್ಲ ಮೇಡಂ. ಆದರೆ ನನ್ನ ನಾದಿನಿ ಬಂದೂಕಿನಂಗಡಿಯಲ್ಲಿ ಕಾನೂನು ನೋಡುವವಳು. ನಾನು ಕ್ರಿಮಿನಲ್ ಅಂತ ಅವಳು ತುಂಬ ಸಲ ಹೇಳಿದ್ದಾಳೆ.'

ಅಧಿಕಾರಿ ಮುಖ ಮುಚ್ಚಿಕೊಂಡು ನಕ್ಕಳಂತೆ. 'ಸರ್, ನೀವು ಯಾವ ಅಪರಾಧವನ್ನೂ ಮಾಡಿಲ್ಲ. ಉತ್ತರವನ್ನು ನೋ ಅಂತ ತಿದ್ದಿಕೊಳ್ಳಲಾ?'

ಬಂದೂಕು ಕೊಳ್ಳುವಾಗ ನನ್ನನ್ನು ಕೇಳದ ಮನುಷ್ಯ, ಗರಗಸ ಮುಟ್ಟಬೇಡಿ ಅಂದಾಗ ಕೇಳದ ಮನುಷ್ಯ, ಗಡಿ ದಾಟಬೇಡಿ ಅಂದಾಗ ಕೇಳದ ಮನುಷ್ಯ, ದೇಶವೇ ಎದುರು ಕೂತು ನೀನು ನಿರಪರಾಧಿ ಅನ್ನುವಾಗ ಜೇಬಿನಿಂದ ಫೋನ್ ತೆಗೆದರಂತೆ.

'ಒಂದ್ನಿಮಿಷ ಮೇಡಂ, ನನ್ನ ನಾದಿನೀನ ಒಂದು ಮಾತು ಕೇಳಿ ಹೇಳ್ಲಾ?'